ಸೋಲನ್ನೇ ಪಾಠ ಮಾಡಿಕೊಂಡ ಮಾಸ್ತರರು: ಮರಹೂಮ್ ಸೈಯದ್ ಅಬ್ದುಲ್ ರಹೀಂ

ಇಂದು ರಾಯಚೂರಿನ ಓಣಿಗಳಲ್ಲಿರಲಿ, ದೇವದುರ್ಗ ಮಾನ್ವಿಗಳ ಹಳ್ಳಿಗಳಲ್ಲಿರಲಿ, ಇಂಗ್ಲೆಂಡ್ ಸ್ಪೇನ್ ದೇಶಗಳ ಫುಟ್‌ಬಾಲ್ ಆಟಗಾರರ ಹೆಸರು ಹೇಳದ ಹುಡುಗರು ಕಡಿಮೆ. ಮೊಬೈಲ್ ಬಂದ ಮೇಲೆ ಜಗತ್ತಿನ ಯಾವ ಮೂಲೆಯ ಆಟವೂ ನಮಗೆ ದೂರವಲ್ಲ. ಬೇರೆ ದೇಶದವರು ತಮ್ಮ ಹಿರಿಯ ಆಟಗಾರರನ್ನು ಎಷ್ಟು ಪ್ರೀತಿಯಿಂದ ನೆನೆಯುತ್ತಾರೆ ಎಂಬುದನ್ನೂ ನಾವು ನೋಡಬಹುದು. ಅಮೆರಿಕದ ಬೇಸ್‌ಬಾಲ್‌ನಲ್ಲಿ ಕರಿಯರಿಗೆ ಮುಚ್ಚಿದ್ದ ಬಾಗಿಲನ್ನು 1947ರ ಏಪ್ರಿಲ್ 15ರಂದು ತೆರೆದವರು ಜಾಕಿ ರಾಬಿನ್‌ಸನ್. ಈಗ ಪ್ರತಿ ವರ್ಷ ಅದೇ ದಿನ ಅಲ್ಲಿನ ಮೇಜರ್ ಲೀಗ್ ತಂಡಗಳ ಆಟಗಾರರೆಲ್ಲ ಅವರ 42ನೇ ಸಂಖ್ಯೆಯ ಅಂಗಿ ತೊಟ್ಟು ಮೈದಾನಕ್ಕಿಳಿಯುತ್ತಾರೆ.

ನಮ್ಮ ಸೀಮೆಗೆ ಸೇರಿದ ಅಂಥ ಹಿರಿಯರು ಯಾರೂ ಇಲ್ಲವೇ? ಇದ್ದಾರೆ. ಅವರು ಶಾಲಾ ಮಾಸ್ತರರು. ಭಾರತದ ಫುಟ್‌ಬಾಲ್ ತಂಡಕ್ಕೆ ಏಷ್ಯನ್ ಕ್ರೀಡಾಕೂಟದಲ್ಲಿ ಎರಡು ಬಾರಿ ಚಿನ್ನದ ಪದಕ ಗೆಲ್ಲಿಸಿಕೊಟ್ಟ ಸೈಯದ್ ಅಬ್ದುಲ್ ರಹೀಂ ಸಾಹೇಬರು.

ಶಾಲೆಯಿಂದ ಮೈದಾನಕ್ಕೆ

ರಹೀಂ ಸಾಹೇಬರು 1909ರ ಆಗಸ್ಟ್ 17ರಂದು ಹೈದರಾಬಾದಿನಲ್ಲಿ ಜನಿಸಿದರು. ಆಗ ನಮ್ಮ ರಾಯಚೂರು ಜಿಲ್ಲೆಯೂ ನಿಜಾಮರ ಹೈದರಾಬಾದ್ ಸಂಸ್ಥಾನದ ಭಾಗವೇ ಆಗಿತ್ತು. ನಮ್ಮ ಅಜ್ಜಂದಿರಿಗೆ ಕಚೇರಿ, ಕೋರ್ಟು, ಕಾಲೇಜು ಎಲ್ಲಕ್ಕೂ ಹೈದರಾಬಾದೇ ದೊಡ್ಡ ಊರು. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಓದಿ ಬರುವುದು ಈ ಭಾಗದ ಮನೆತನಗಳಿಗೆ ಹೆಮ್ಮೆಯ ಮಾತಾಗಿತ್ತು. ರಹೀಂ ಸಾಹೇಬರೂ ಅದೇ ಉಸ್ಮಾನಿಯಾದ ಪದವೀಧರರು. ವಿಶ್ವವಿದ್ಯಾಲಯದ ತಂಡದಲ್ಲಿ ಒಳ್ಳೆಯ ಆಟಗಾರರೆಂದು ಹೆಸರು ಪಡೆದಿದ್ದರು.

ಓದು ಮುಗಿದ ಮೇಲೆ ಅವರು ಆರಿಸಿಕೊಂಡದ್ದು ಶಿಕ್ಷಕ ವೃತ್ತಿ. ಹೈದರಾಬಾದಿನ ಕಾಚಿಗುಡ ಮಿಡಲ್ ಸ್ಕೂಲ್ ಮೊದಲಾದ ಶಾಲೆಗಳಲ್ಲಿ ಪಾಠ ಹೇಳಿದರು. ಬಳಿಕ ದೈಹಿಕ ಶಿಕ್ಷಣದ ಡಿಪ್ಲೊಮಾ ಪಡೆದು ದಾರುಲ್ ಉಲೂಮ್ ಮತ್ತು ಚಾದರ್‌ಘಾಟ್ ಹೈಸ್ಕೂಲುಗಳಲ್ಲಿ ಮಕ್ಕಳಿಗೆ ಆಟ ಕಲಿಸಿದರು. 1940ರ ದಶಕದ ಆರಂಭದಲ್ಲಿ ಹೈದರಾಬಾದ್ ಫುಟ್‌ಬಾಲ್ ಸಂಸ್ಥೆಯ ಕಾರ್ಯದರ್ಶಿಯಾದರು. ಕೊನೆಯವರೆಗೂ ಆ ಹೊಣೆ ಬಿಡಲಿಲ್ಲ.

ಅವರ ತರಬೇತಿಯ ರೀತಿ ತರಗತಿಯ ಪಾಠದಂತೆಯೇ ಇತ್ತು. ಚೆಂಡನ್ನು ಒಬ್ಬನೇ ಕಾಲಲ್ಲಿ ಇಟ್ಟುಕೊಂಡು ಓಡುವ ಚಟ ಬಿಡಿಸಲು, ಹಾಗೆ ಓಡಲು ಅವಕಾಶವೇ ಇಲ್ಲದ ಪಂದ್ಯಾವಳಿಗಳನ್ನು ಏರ್ಪಡಿಸಿದರು. ಚೆಂಡು ಬಂದ ಕೂಡಲೇ ಜೊತೆಗಾರನಿಗೆ ಕೊಡಬೇಕು. ಬಲಗಾಲನ್ನೇ ನಂಬಿದ ಹುಡುಗ ಎಡಗಾಲಲ್ಲೂ ಆಡಲು ಕಲಿಯಲೆಂದು, ದುರ್ಬಲ ಕಾಲಿನಿಂದಲೇ ಆಡಬೇಕಾದ ಪಂದ್ಯಗಳನ್ನೂ ನಡೆಸಿದರು. ಒಬ್ಬನ ಜಾಣ್ಮೆಗಿಂತ ಹನ್ನೊಂದು ಜನರ ಹೊಂದಾಣಿಕೆ ದೊಡ್ಡದು ಎಂಬುದೇ ಈ ಪಾಠಗಳ ತಿರುಳು.

1950ರಿಂದ ಅವರು ಹೈದರಾಬಾದ್ ಸಿಟಿ ಪೊಲೀಸ್ ತಂಡದ ತರಬೇತುದಾರರಾದರು. ಬೊಂಬಾಯಿಯ ರೋವರ್ಸ್ ಕಪ್ಪನ್ನು ಭಾರತೀಯ ತಂಡವೊಂದು ಮೊದಲ ಬಾರಿಗೆ ಗೆದ್ದದ್ದು 1937ರಲ್ಲಿ. ಆ ತಂಡ ನಮ್ಮ ಬೆಂಗಳೂರು ಮುಸ್ಲಿಮ್ಸ್. ಅದೇ ಕಪ್ಪನ್ನು ರಹೀಂ ಸಾಹೇಬರ ತಂಡ 1950ರಿಂದ 1954ರವರೆಗೆ ಸತತ 5 ವರ್ಷ ಗೆದ್ದುಕೊಂಡಿತು. ಕಲ್ಕತ್ತೆಯ ದೊಡ್ಡ ದೊಡ್ಡ ತಂಡಗಳು ದಕ್ಕನ್ನಿನ ಈ ಪೊಲೀಸರ ಮುಂದೆ ತಲೆಬಾಗಬೇಕಾಯಿತು.

ಹತ್ತು ಗೋಲುಗಳ ಪಾಠ

1951ರಲ್ಲಿ ದೆಹಲಿಯಲ್ಲಿ ಮೊದಲ ಏಷ್ಯನ್ ಕ್ರೀಡಾಕೂಟ ನಡೆಯಿತು. ರಹೀಂ ಸಾಹೇಬರು ತರಬೇತಿ ಕೊಟ್ಟ ಭಾರತ ತಂಡ ಅಂತಿಮ ಪಂದ್ಯದಲ್ಲಿ ಇರಾನನ್ನು 1-0ರಿಂದ ಸೋಲಿಸಿ ಚಿನ್ನ ಗೆದ್ದಿತು. ದೇಶವೆಲ್ಲ ಹಿಗ್ಗಿತು. ಮರುವರ್ಷವೇ ಆ ಹಿಗ್ಗು ಇಳಿಯಿತು. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಭಾರತ ಯುಗೊಸ್ಲಾವಿಯಾದ ಎದುರು 10-1ರಿಂದ ಸೋತಿತು. ನಮ್ಮ ಅನೇಕ ಆಟಗಾರರು ಯೂರೋಪಿನ ಆ ಚಳಿಯಲ್ಲಿ ಬೂಟಿಲ್ಲದೆ ಬರಿಗಾಲಲ್ಲಿ ಆಡಿದ್ದರು.

ಬೇರೆ ಯಾರಾದರೂ ಆಗಿದ್ದರೆ ಚಳಿಯನ್ನೋ ಹಣೆಬರಹವನ್ನೋ ದೂರಿ ಸುಮ್ಮನಾಗುತ್ತಿದ್ದರು. ರಹೀಂ ಸಾಹೇಬರು ಮಾಸ್ತರರಾಗಿದ್ದರು. ಪರೀಕ್ಷೆಯಲ್ಲಿ ಫೇಲಾದವನ ಉತ್ತರ ಪತ್ರಿಕೆಯನ್ನು ಕೂತು ನೋಡುವಂತೆ ಆ ಸೋಲನ್ನು ನೋಡಿದರು. ಇನ್ನು ಮುಂದೆ ಬೂಟು ಕಡ್ಡಾಯವಾಯಿತು. ಅಷ್ಟಕ್ಕೇ ನಿಲ್ಲದೆ, ಜಗತ್ತಿನ ಬೇರೆ ಕಡೆ ಆಟ ಹೇಗೆ ಬದಲಾಗುತ್ತಿದೆ ಎಂದು ಗಮನಿಸಿದರು.

ಆಗ ಎಲ್ಲರ ಬಾಯಲ್ಲಿದ್ದದ್ದು ಹಂಗೇರಿ. ಆ ದೇಶ ಹೆಲ್ಸಿಂಕಿಯಲ್ಲಿ ಚಿನ್ನ ಗೆದ್ದಿತ್ತು. 1953ರ ನವೆಂಬರ್ 25ರಂದು ಲಂಡನ್ನಿನ ವೆಂಬ್ಲಿ ಮೈದಾನದಲ್ಲಿ ಇಂಗ್ಲೆಂಡನ್ನೇ 6-3ರಿಂದ ಮಣಿಸಿತು. ಆ ಕಾಲದಲ್ಲಿ ಭಾರತದ ತಂಡಗಳು ಹೆಚ್ಚಾಗಿ ಗೋಲಿನ ಮುಂದೆ ಇಬ್ಬರೇ ರಕ್ಷಕರನ್ನು ನಿಲ್ಲಿಸುವ ಹಳೆಯ ಪದ್ಧತಿಯಲ್ಲಿದ್ದವು. ರಹೀಂ ಸಾಹೇಬರು ಹಂಗೇರಿಯ ಆಟದ ಗುಟ್ಟನ್ನು ತಿಳಿದುಕೊಂಡು, ಹಿಂದೆ ನಾಲ್ವರು, ನಡುವೆ ಇಬ್ಬರು, ಮುಂದೆ ನಾಲ್ವರು ಆಡುವ 4-2-4 ಪದ್ಧತಿಯತ್ತ ತಮ್ಮ ಹುಡುಗರನ್ನು ತಿರುಗಿಸಿದರು. ಬ್ರೆಜಿಲ್ ಇದೇ ಪದ್ಧತಿಯಿಂದ ವಿಶ್ವಕಪ್ ಗೆದ್ದು ಜಗತ್ತಿಗೆಲ್ಲ ಅದನ್ನು ಪರಿಚಯಿಸಿದ್ದು 1958ರಲ್ಲಿ. ಟಿ.ವಿ. ಇಲ್ಲದ ಕಾಲದಲ್ಲಿ ದಕ್ಕನ್ನಿನ ಶಾಲಾ ಮಾಸ್ತರರೊಬ್ಬರು ಅದಕ್ಕೂ ಮುಂಚೆಯೇ ಅದನ್ನು ಅರಿತು ಬಳಸಿದ್ದರು ಎಂಬುದು ನಾವೆಲ್ಲ ಅಭಿಮಾನ ಪಡಬೇಕಾದ ಸಂಗತಿ.

ಮೆಲ್ಬೋರ್ನ್ ಮತ್ತು ರೋಮ್

1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯ ವಿಂಗಡಣೆಯಾಗಿ ರಾಯಚೂರು, ಗುಲಬರ್ಗಾ, ಬೀದರ್ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದವು. ಸರಿಯಾಗಿ ಒಂದು ತಿಂಗಳಿಗೆ, ಡಿಸೆಂಬರ್ 1ರಂದು, ಮೆಲ್ಬೋರ್ನ್ ಒಲಿಂಪಿಕ್ಸ್‌ನಲ್ಲಿ ರಹೀಂ ಸಾಹೇಬರ ತಂಡ ಆತಿಥೇಯ ಆಸ್ಟ್ರೇಲಿಯಾವನ್ನು 4-2ರಿಂದ ಸೋಲಿಸಿತು. ನೆವಿಲ್ ಡಿಸೋಜಾ 3 ಗೋಲು ಹೊಡೆದರು. ಒಲಿಂಪಿಕ್ ಫುಟ್‌ಬಾಲಿನ ಸೆಮಿಫೈನಲ್ ತಲುಪಿದ ಮೊದಲ ಏಷ್ಯಾದ ದೇಶ ಎಂಬ ಕೀರ್ತಿ ಭಾರತಕ್ಕೆ ಬಂತು. ಸೆಮಿಫೈನಲ್‌ನಲ್ಲಿ ಎದುರಾದದ್ದು ಅದೇ ಯುಗೊಸ್ಲಾವಿಯಾ. ಮೊದಲ ಗೋಲು ಭಾರತವೇ ಹೊಡೆಯಿತು. ಕೊನೆಗೆ 4-1ರಿಂದ ಸೋತರೂ, 4 ವರ್ಷದ ಹಿಂದಿನ 10-1ಕ್ಕೂ ಇದಕ್ಕೂ ಎಷ್ಟು ಅಂತರ! ಭಾರತಕ್ಕೆ ನಾಲ್ಕನೆಯ ಸ್ಥಾನ ದೊರೆಯಿತು.

1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಭಾರತ ಫ್ರಾನ್ಸ್ ಜೊತೆ 1-1ರ ಸಮ ಮಾಡಿಕೊಂಡಿತು. ಆ ತಂಡದಲ್ಲಿ ರಹೀಂ ಸಾಹೇಬರ ಮಗ ಸೈಯದ್ ಶಾಹಿದ್ ಹಕೀಂ ಕೂಡ ಇದ್ದರು. ಆದರೆ ಅವರಿಗೆ ಒಂದು ಪಂದ್ಯದಲ್ಲೂ ಆಡುವ ಅವಕಾಶ ಬರಲಿಲ್ಲ. ಮಗನೆಂಬ ಕಾರಣಕ್ಕೆ ಮೈದಾನಕ್ಕಿಳಿಸುವ ರೂಢಿ ಈ ತಂದೆಯ ತಂಡದಲ್ಲಿರಲಿಲ್ಲ.

ಕೊನೆಯ ಪರೀಕ್ಷೆ

1962ರಲ್ಲಿ ಜಕಾರ್ತದಲ್ಲಿ ಏಷ್ಯನ್ ಕ್ರೀಡಾಕೂಟ. ಆ ವೇಳೆಗೆ ರಹೀಂ ಸಾಹೇಬರ ಶ್ವಾಸಕೋಶಕ್ಕೆ ಕ್ಯಾನ್ಸರ್ ತಗುಲಿತ್ತು. ಕೆಮ್ಮುತ್ತಲೇ ತಂಡದ ಜೊತೆ ಹೊರಟರು. ಮೊದಲ ಪಂದ್ಯದಲ್ಲೇ ದಕ್ಷಿಣ ಕೊರಿಯಾ ಎದುರು 2-0 ಸೋಲು. ಮುಂದೆ ಥಾಯ್ಲೆಂಡ್ ಮತ್ತು ಜಪಾನ್ ಮೇಲೆ ಗೆಲುವು. ಥಾಯ್ಲೆಂಡ್ ಪಂದ್ಯದಲ್ಲಿ ರಕ್ಷಣೆಯ ಆಧಾರಸ್ತಂಭವಾಗಿದ್ದ ಜರ್ನೈಲ್ ಸಿಂಗರ ತಲೆಗೆ ಪೆಟ್ಟಾಗಿ ಹೊಲಿಗೆ ಹಾಕಬೇಕಾಯಿತು. ರಹೀಂ ಸಾಹೇಬರು ಅವರನ್ನು ಕೈಬಿಡದೆ, ರಕ್ಷಣೆಯಿಂದ ತೆಗೆದು ಮುಂಪಡೆಯಲ್ಲಿ ನಿಲ್ಲಿಸಿದರು. ದಕ್ಷಿಣ ವಿಯೆಟ್ನಾಂ ವಿರುದ್ಧದ ಸೆಮಿಫೈನಲ್‌ನಲ್ಲಿ ಜರ್ನೈಲರೂ ಒಂದು ಗೋಲು ಹೊಡೆದರು. ಭಾರತ 3-2ರಿಂದ ಗೆದ್ದಿತು.

ಅಂತಿಮ ಪಂದ್ಯಕ್ಕೆ ಮತ್ತೆ ಅದೇ ಕೊರಿಯಾ. ಊರಿನ ವಾತಾವರಣವೂ ಕೆಟ್ಟಿತ್ತು. ಇಸ್ರೇಲ್ ಮತ್ತು ತೈವಾನ್ ಆಟಗಾರರನ್ನು ಇಂಡೊನೇಷ್ಯಾ ಬರಗೊಡಲಿಲ್ಲ ಎಂಬುದನ್ನು ಭಾರತದ ಕ್ರೀಡಾಧಿಕಾರಿ ಗುರುದತ್ ಸೋಂಧಿಯವರು ಆಕ್ಷೇಪಿಸಿದ್ದರಿಂದ ಜನ ಭಾರತದ ಮೇಲೆ ಸಿಟ್ಟಾಗಿದ್ದರು. ಹಿಂದಿನ ರಾತ್ರಿ ರಹೀಂ ಸಾಹೇಬರು ಆಟಗಾರರನ್ನು ಕೂಡಿಸಿಕೊಂಡು, ನಾಳೆ ತಮಗೊಂದು ಉಡುಗೊರೆ ಬೇಕು, ಅದು ಚಿನ್ನದ ಪದಕ ಎಂದು ಕೇಳಿದರೆಂದು ಆಟಗಾರರು ಮುಂದೆ ನೆನೆಸಿಕೊಂಡಿದ್ದಾರೆ.

ಸೆಪ್ಟೆಂಬರ್ 4ರಂದು ಸುಮಾರು ಲಕ್ಷ ಜನರ ಕೂಗಾಟದ ನಡುವೆ ಪಂದ್ಯ ನಡೆಯಿತು. ಭಾರತದ ಪರ ಚಪ್ಪಾಳೆ ತಟ್ಟಿದ ಕೆಲವರಲ್ಲಿ ಪಾಕಿಸ್ತಾನದ ಹಾಕಿ ಆಟಗಾರರೂ ಇದ್ದರಂತೆ. ಪಿ.ಕೆ. ಬ್ಯಾನರ್ಜಿ ಒಂದು ಗೋಲು, ತಲೆಗೆ ಪಟ್ಟಿ ಕಟ್ಟಿಕೊಂಡ ಜರ್ನೈಲ್ ಸಿಂಗ್ ಇನ್ನೊಂದು. ಭಾರತ 2-1ರಿಂದ ಗೆದ್ದಿತು. ಚುನಿ ಗೋಸ್ವಾಮಿಯವರ ನಾಯಕತ್ವದ ಆ ತಂಡದಲ್ಲಿ ಪೀಟರ್ ತಂಗರಾಜ್, ಯೂಸುಫ್ ಖಾನ್, ತುಳಸೀದಾಸ್ ಬಲರಾಂ, ರಾಮ್ ಬಹದ್ದೂರ್ ಇದ್ದರು. ಹಲವು ಧರ್ಮ, ಹಲವು ಭಾಷೆಗಳ ಈ ಹುಡುಗರೆಲ್ಲ ಒಬ್ಬ ಮಾಸ್ತರರ ಮಕ್ಕಳಂತೆ ಆಡಿದರು.

ಕೇಳಿದ ಉಡುಗೊರೆ ದೊರೆತು ಒಂದು ವರ್ಷ ತುಂಬುವ ಮೊದಲೇ, 1963ರ ಜೂನ್ 11ರಂದು, ರಹೀಂ ಸಾಹೇಬರು ತಮ್ಮ 53ನೇ ವಯಸ್ಸಿನಲ್ಲಿ ಕೊನೆಯುಸಿರೆಳೆದರು. ಏಷ್ಯನ್ ಕ್ರೀಡಾಕೂಟದ ಫುಟ್‌ಬಾಲ್ ಚಿನ್ನ ಆಮೇಲೆ ಭಾರತಕ್ಕೆ ಮತ್ತೆ ಬಂದಿಲ್ಲ. ಮಗ ಹಕೀಂ ಸಾಹೇಬರು ವಾಯುಸೇನೆಯಲ್ಲಿ ಸೇವೆ ಸಲ್ಲಿಸಿ, ಅಂತರರಾಷ್ಟ್ರೀಯ ರೆಫರಿಯಾಗಿ ಹೆಸರು ಮಾಡಿ, 2021ರ ಆಗಸ್ಟ್ 22ರಂದು ನಮ್ಮ ಕಲಬುರಗಿಯಲ್ಲೇ ನಿಧನರಾದರು. ತಂದೆಯ ಕಥೆಯನ್ನು ಆಧರಿಸಿದ ಹಿಂದಿ ಚಲನಚಿತ್ರ ‘ಮೈದಾನ್’ 2024ರಲ್ಲಿ ತೆರೆಕಂಡಿತು. ಅಲ್ಲಿಯವರೆಗೆ ಅವರ ಹೆಸರನ್ನೂ ಕೇಳದವರು ನಮ್ಮಲ್ಲೇ ಬಹಳ ಜನರಿದ್ದರು.

ವಿದ್ಯಾರ್ಥಿ ಮಿತ್ರರೇ, ಪರದೇಶದ ಆಟ ನೋಡುವುದು ತಪ್ಪಲ್ಲ. ರಹೀಂ ಸಾಹೇಬರೂ ಪರದೇಶದ ಆಟವನ್ನು ಗಮನಿಸಿದವರೇ. ಗಮನಿಸಿದ್ದನ್ನು ಮರುದಿನ ತಮ್ಮ ಹುಡುಗರಿಗೆ ಕಲಿಸಿದರು. ಗಣಿತದಲ್ಲಿ ಫೇಲಾದವನೂ, ಜಿಲ್ಲಾ ಮಟ್ಟದಲ್ಲಿ ಸೋತು ಬಂದ ತಂಡವೂ ಹೆಲ್ಸಿಂಕಿಯ ಆ 10 ಗೋಲುಗಳನ್ನು ನೆನೆಯಲಿ. ಎಲ್ಲಿ ತಪ್ಪಿದೆವು, ಗೆದ್ದವನು ಏನು ಮಾಡಿದ ಎಂದು ಸೋತ ಸಂಜೆಯೇ ಕೂತು ವಿಚಾರಿಸಿದರೆ ಮೆಲ್ಬೋರ್ನ್ ದೂರವಿಲ್ಲ. ನಮ್ಮ ಶಿಕ್ಷಕ ಬಂಧುಗಳಲ್ಲೂ ಒಂದು ವಿನಂತಿ: ಆಟದ ಪಿರಿಯಡ್ಡನ್ನು ಬೇರೆ ಪಾಠಕ್ಕೆ ಬಿಟ್ಟುಕೊಡುವ ಮುನ್ನ, ಚಾದರ್‌ಘಾಟ್ ಹೈಸ್ಕೂಲಿನ ಆ ಮಾಸ್ತರರನ್ನು ಒಮ್ಮೆ ನೆನೆಯಿರಿ.