ಕೂದಲೆಳೆ ನಳಿಕೆಯ ಡಾಕ್ಟರ್

ಪುಣೆಯಲ್ಲಿ ನಾನು ಸಾಫ್ಟ್‌ವೇರ್ ಬರೆಯುವುದು ಬ್ಯಾಂಕಿಗೂ ಅಲ್ಲ, ಆನ್‌ಲೈನ್ ಅಂಗಡಿಗೂ ಅಲ್ಲ. ಒಂದು ಹನಿ ರಕ್ತದಿಂದ ಪ್ಲಾಸ್ಮಾ ಬೇರ್ಪಡಿಸುವ ಬೆರಳುದ್ದದ ಚಿಪ್‌ಗೆ. ಅದರೊಳಗಿನ ಕಾಲುವೆಗಳು ಕೂದಲಿನಷ್ಟು ಸಪೂರ. ಕಳೆದ ವರ್ಷ ಅವುಗಳ ಅಗಲ, ಆಳ ಎರಡನ್ನೂ ಅರ್ಧಕ್ಕೆ ಇಳಿಸಿದೆವು. ಒತ್ತಡ ನಾಲ್ಕು ಪಟ್ಟು ಹೆಚ್ಚಿಸಿದರೆ ಸಾಕೆಂದು ನಾನು ಲೆಕ್ಕ ಹಾಕಿದೆ. ಬೇಕಾಗಿದ್ದುದು ಹದಿನಾರು ಪಟ್ಟು. ರಕ್ತ ಒಳಗೇ ನಿಂತುಬಿಟ್ಟಿತು, ಒಂದು ವಾರದ ಕೆಲಸ ನೀರುಪಾಲು. ಆ ಹದಿನಾರರ ಜಾಡು ಹಿಡಿದು ಹೊರಟಾಗ ಸಿಕ್ಕವನು ಪ್ಯಾರಿಸ್ಸಿನ ಒಬ್ಬ ಡಾಕ್ಟರ್.

ಎಂಜಿನಿಯರಿಂಗ್ ಓದುವಾಗ ನಾವು ಪಾಯ್ಸೂಲಿ ಎಂದು ಉರು ಹೊಡೆದ ಹೆಸರು. ಫ್ರೆಂಚರ ಬಾಯಲ್ಲಿ ಅದು ಹೆಚ್ಚುಕಡಿಮೆ ಪ್ವಾಜೋಯ್. 1797ರಲ್ಲಿ ಹುಟ್ಟಿದ ಝಾನ್ ಲಿಯೊನಾರ್ ಮಾರಿ ಪ್ವಾಜೋಯ್ 1815ರಲ್ಲಿ ಎಕೋಲ್ ಪಾಲಿಟೆಕ್ನಿಕ್ ಸೇರಿ ಆಂಪಿಯರ್‌ನಂಥವರ ಪಾಠ ಕೇಳಿದ. ಮರುವರ್ಷ ಏಪ್ರಿಲ್‌ನಲ್ಲಿ ರಾಜಕೀಯ ಕಾರಣಕ್ಕೆ ವಿದ್ಯಾರ್ಥಿಗಳನ್ನೆಲ್ಲ ಮನೆಗೆ ಕಳಿಸಲಾಯಿತು. ಈತ ವೈದ್ಯಕೀಯಕ್ಕೆ ಹೊರಳಿದ. ಅಳತೆಯ ಚಟ ಮಾತ್ರ ಬಿಡಲಿಲ್ಲ. 1828ರ ಡಾಕ್ಟರೇಟ್ ಪ್ರಬಂಧಕ್ಕಾಗಿ ಪಾದರಸ ತುಂಬಿದ ಬಾಗಿದ ಗಾಜಿನ ಕೊಳವೆಯಿಂದ ನಾಯಿಗಳ ರಕ್ತದೊತ್ತಡ ಅಳೆದ. ಇಂದಿಗೂ ನಮ್ಮ ಬಿ.ಪಿ. ಲೆಕ್ಕ ಪಾದರಸದ ಮಿಲಿಮೀಟರಿನಲ್ಲೇ.

ಆಮೇಲೆ ಸೂಕ್ಷ್ಮದರ್ಶಕದಡಿ ಕಪ್ಪೆಯ ರಕ್ತನಾಳಗಳನ್ನು ನೋಡುತ್ತ ಕೂತ. ಕೆಂಪು ಕಣಗಳು ನಾಳದ ನಡುವೆ ಸಾಗುತ್ತವೆ, ಗೋಡೆಯ ಪಕ್ಕದಲ್ಲಿ ಕಣಗಳಿಲ್ಲದ ತಿಳಿ ಪದರ ಉಳಿಯುತ್ತದೆ ಎಂದು 1835ರ ಹೊತ್ತಿಗೆ ಗುರುತಿಸಿದ. ಇಷ್ಟು ಸಣ್ಣ ನಾಳದಲ್ಲಿ ಹರಿವನ್ನು ನಿರ್ಧರಿಸುವುದು ಯಾವುದು? ಉತ್ತರಕ್ಕಾಗಿ 0.6 ಮಿಲಿಮೀಟರಿನಿಂದ 0.015 ಮಿಲಿಮೀಟರಿನವರೆಗಿನ ಒಳವ್ಯಾಸದ ಗಾಜಿನ ನಳಿಕೆಗಳನ್ನು ಹಿಡಿದ. ಹೊರಬಂದ ರಕ್ತ ಹೆಪ್ಪುಗಟ್ಟುತ್ತದಲ್ಲ, ಅದಕ್ಕೆ ಭಟ್ಟಿ ಇಳಿಸಿದ ನೀರು ಬಳಸಿದ. ನಳಿಕೆಯ ಬಾಯಿ ಪೂರ್ತಿ ದುಂಡಗಿರುವುದಿಲ್ಲ. ಎರಡೂ ತುದಿಗಳನ್ನು ಸೂಕ್ಷ್ಮದರ್ಶಕದಲ್ಲಿ ಅಳೆದು ಸರಾಸರಿ ತೆಗೆದ. ನೀರಿನ ಉಷ್ಣತೆ ಕಾಯ್ದುಕೊಂಡು, ಒತ್ತಡ, ಉದ್ದ, ವ್ಯಾಸಗಳನ್ನು ಒಂದೊಂದಾಗಿ ಬದಲಿಸಿ, ಗಾಜಿನ ಬುರುಡೆಯೊಂದರಷ್ಟು ನೀರು ಹರಿಯಲು ಹಿಡಿದ ಹೊತ್ತನ್ನು ಎಣಿಸಿದ. ಹರಿವು ವ್ಯಾಸದ ನಾಲ್ಕನೇ ಘಾತದಂತೆ ಏರುತ್ತದೆ, ಇಳಿಯುತ್ತದೆ. ವ್ಯಾಸ ಅರ್ಧವಾದರೆ ಹರಿವು ಹದಿನಾರರಲ್ಲಿ ಒಂದು ಪಾಲು. ಸಿದ್ಧಾಂತದ ಆಸರೆಯಿಲ್ಲದೆ, ಬರೀ ಅಳತೆಯಿಂದ ಬಂದ ನಿಯಮ ಇದು. ಜರ್ಮನಿಯ ಎಂಜಿನಿಯರ್ ಹಾಗೆನ್ 1839ರಲ್ಲಿ ತನ್ನ ದಾರಿಯಲ್ಲೇ ಅಲ್ಲಿಗೆ ತಲುಪಿದ್ದ. ಗಣಿತದ ಸಮರ್ಥನೆಯನ್ನು ಬೇರೆಯವರು ನಂತರ ಒದಗಿಸಿದರು.

1842ರಲ್ಲಿ ವೈದ್ಯಕೀಯ ಅಕಾಡೆಮಿ ಸದಸ್ಯತ್ವ ಕೊಟ್ಟಿತು. ಆಸೆಪಟ್ಟಿದ್ದ ವಿಜ್ಞಾನ ಅಕಾಡೆಮಿಯ ಬಾಗಿಲು ಕೊನೆಗೂ ತೆರೆಯಲಿಲ್ಲ. ಇಳಿವಯಸ್ಸಿನಲ್ಲಿ ಶಾಲೆಗಳ ಇನ್‌ಸ್ಪೆಕ್ಟರ್ ಆದ, 1869ರ ಡಿಸೆಂಬರ್‌ನಲ್ಲಿ ಪ್ಯಾರಿಸ್ಸಿನಲ್ಲೇ ತೀರಿಕೊಂಡ. ಸ್ನಿಗ್ಧತೆಯ ಒಂದು ಮೂಲಮಾನಕ್ಕೆ ಪಾಯ್ಸ್ ಎಂಬ ಹೆಸರು ಬಂದದ್ದು ಮುಂದಿನ ಶತಮಾನದಲ್ಲಿ.

ನನ್ನನ್ನು ಕಾಡಿದ್ದು ಇನ್ನೊಂದು ಸಂಗತಿ. ರಕ್ತಕ್ಕಾಗಿ ಇಷ್ಟೆಲ್ಲ ಪಾಡುಪಟ್ಟ ಈತನ ನಿಯಮ ನೀರಿಗೆ ಅಚ್ಚುಕಟ್ಟಾಗಿ ಹೊಂದುತ್ತದೆ, ತೀರಾ ಸಪೂರ ನಾಳಗಳಲ್ಲಿ ರಕ್ತಕ್ಕೆ ಹಾಗೇ ಹೊಂದುವುದಿಲ್ಲ. ಕಣಗಳು ನಡುವೆ ಸರಿದು ಅಂಚು ತಿಳಿಯಾಗುವುದರಿಂದ ಅಲ್ಲಿ ರಕ್ತ ತೆಳುವಾದಂತೆ ಹರಿಯುತ್ತದೆ. ಅಂದರೆ ಕಪ್ಪೆಯಲ್ಲಿ ಆತನೇ ಕಂಡಿದ್ದ ಪದರ! ನಮ್ಮ ಚಿಪ್‌ನ ಪಕ್ಕದ ಕಾಲುವೆ ಪ್ಲಾಸ್ಮಾ ಸೆಳೆದುಕೊಳ್ಳುವುದೂ ಆ ಅಂಚಿನಿಂದಲೇ.