ರಕ್ತ ಗುಂಪುಗಳ ಶೋಧಕ ಡಾ. ಕಾರ್ಲ್ ಲ್ಯಾಂಡ್‌ಸ್ಟೈನರ್

ಹೆರಿಗೆ, ಶಸ್ತ್ರಚಿಕಿತ್ಸೆ ಅಥವಾ ತೀವ್ರ ರಕ್ತಹೀನತೆಯ ಕಾರಣದಿಂದ ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಹಾಗೂ ಜಗಳೂರು ತಾಲ್ಲೂಕುಗಳಿಂದ ದಾವಣಗೆರೆಯ ದೊಡ್ಡ ಆಸ್ಪತ್ರೆಗಳಿಗೆ ಬರುವ ರೋಗಿಗಳ ಬಂಧುಗಳಿಗೆ ರಕ್ತನಿಧಿಯಲ್ಲಿ ಕೆಲವೊಮ್ಮೆ ಅನಿರೀಕ್ಷಿತ ಉತ್ತರ ದೊರೆಯುವುದುಂಟು. ಗುಂಪು ಒಂದೇ ಆಗಿದ್ದರೂ ದಾನಿಯ ರಕ್ತವು ರೋಗಿಯ ರಕ್ತಕ್ಕೆ ಹೊಂದುತ್ತಿಲ್ಲ, ಇನ್ನೂ ಪರೀಕ್ಷೆ ನಡೆಸಬೇಕಾಗಿದೆ ಎಂದು ತಿಳಿಸಲಾಗುತ್ತದೆ. ಅದೇ ಗುಂಪಿನ ದಾನಿಯನ್ನು ಊರಿನಿಂದ ಕರೆತಂದವರಿಗೆ ಇದು ಸಂಶಯಕ್ಕೂ ಅಸಮಾಧಾನಕ್ಕೂ ಎಡೆಮಾಡಿಕೊಡುವುದು ಸಹಜ. ಇದರ ಕಾರಣವನ್ನು ತಿಳಿಯಲು, ರಕ್ತಕ್ಕೆ ಗುಂಪುಗಳಿವೆ ಎಂಬುದನ್ನು ಮೊದಲು ಕಂಡುಹಿಡಿದ ವಿಜ್ಞಾನಿಯ ಜೀವನವನ್ನು ಅರಿಯುವುದು ಉಪಯುಕ್ತ.

ಕಾರ್ಲ್ ಲ್ಯಾಂಡ್‌ಸ್ಟೈನರ್ ಅವರು 1868ರ ಜೂನ್ 14ರಂದು ಆಸ್ಟ್ರಿಯಾ ದೇಶದ ವಿಯೆನ್ನಾ ನಗರದ ಸಮೀಪದ ಬಾಡೆನ್ ಎಂಬಲ್ಲಿ ಜನಿಸಿದರು. ತಂದೆ ಲಿಯೋಪೋಲ್ಡ್ ಪತ್ರಕರ್ತರಾಗಿದ್ದರು. ಬಾಲಕನಿಗೆ ಆರು ವರ್ಷವಾಗಿದ್ದಾಗ ತಂದೆ ತೀರಿಕೊಂಡರು. ತಾಯಿ ಫ್ಯಾನಿಯವರೇ ಮಗನನ್ನು ಬೆಳೆಸಿದರು. ತಾಯಿಯ ಮರಣಾನಂತರ ಅವರ ಮುಖದ ಅಚ್ಚನ್ನು ಲ್ಯಾಂಡ್‌ಸ್ಟೈನರ್ ಅವರು ಜೀವನದ ಕೊನೆಯವರೆಗೂ ತಮ್ಮ ಕೊಠಡಿಯ ಗೋಡೆಯ ಮೇಲೆ ಇರಿಸಿಕೊಂಡಿದ್ದರು. ಮಿತಭಾಷಿಗಳು, ಪಿಯಾನೋ ವಾದನದಲ್ಲಿ ಪರಿಣತರು, ಪ್ರಚಾರದಿಂದ ದೂರವಿದ್ದವರು.

1891ರಲ್ಲಿ ವಿಯೆನ್ನಾ ವಿಶ್ವವಿದ್ಯಾನಿಲಯದಿಂದ ವೈದ್ಯಕೀಯ ಪದವಿ ಪಡೆದ ಬಳಿಕ ಅವರು ರಸಾಯನಶಾಸ್ತ್ರದ ಅಧ್ಯಯನಕ್ಕಾಗಿ ಜರ್ಮನಿ ಮತ್ತು ಸ್ವಿಟ್ಜರ್‌ಲ್ಯಾಂಡ್‌ಗೆ ತೆರಳಿದರು. ವೈದ್ಯನಾದವನಿಗೆ ರಸಾಯನಶಾಸ್ತ್ರವೇಕೆ ಎಂದು ಅನ್ನಿಸಬಹುದು. ಆದರೆ ಅವರ ಮುಂದಿನ ಸಂಶೋಧನೆಗಳೆಲ್ಲವೂ ಈ ಬುನಾದಿಯ ಮೇಲೆಯೇ ನಿಂತಿವೆ. ವಿಯೆನ್ನಾಕ್ಕೆ ಮರಳಿ ರೋಗಲಕ್ಷಣಶಾಸ್ತ್ರ ಸಂಸ್ಥೆಯಲ್ಲಿ ಸಹಾಯಕರಾಗಿ ಸೇರಿದ ಅವರು ಹತ್ತು ವರ್ಷಗಳಲ್ಲಿ 3,600ಕ್ಕೂ ಹೆಚ್ಚು ಶವಪರೀಕ್ಷೆಗಳನ್ನು ನಡೆಸಿದರು.

ಆ ಕಾಲದಲ್ಲಿ ಒಬ್ಬರ ರಕ್ತವನ್ನು ಮತ್ತೊಬ್ಬರಿಗೆ ನೀಡುವುದು ಪ್ರಾಣದೊಂದಿಗೆ ಜೂಜಾಡಿದಂತೆ ಇತ್ತು. ಕೆಲವರು ಬದುಕುತ್ತಿದ್ದರು, ಕೆಲವರು ಚಳಿ ನಡುಕ ಬಂದು ಸಾಯುತ್ತಿದ್ದರು. ಒಬ್ಬರ ರಕ್ತದ ಸೀರಮ್ಮಿಗೆ ಮತ್ತೊಬ್ಬರ ಕೆಂಪು ರಕ್ತಕಣಗಳನ್ನು ಬೆರೆಸಿದಾಗ ಕಣಗಳು ಒಂದಕ್ಕೊಂದು ಅಂಟಿ ಗುಂಪುಗೂಡುವುದನ್ನು ಹಲವರು ಕಂಡಿದ್ದರಾದರೂ ಅದನ್ನು ರೋಗದ ಚಿಹ್ನೆಯೆಂದು ಭಾವಿಸಿದ್ದರು. ಲ್ಯಾಂಡ್‌ಸ್ಟೈನರ್ ಅವರು ಆರೋಗ್ಯವಂತರ ರಕ್ತವನ್ನೇ ಪರೀಕ್ಷಿಸಲು ನಿರ್ಧರಿಸಿದರು. ತಮ್ಮ ಹಾಗೂ ಸಹೋದ್ಯೋಗಿಗಳ ರಕ್ತವೂ ಸೇರಿದಂತೆ 22 ಜನರ ಮಾದರಿಗಳನ್ನು ಸಂಗ್ರಹಿಸಿ, ಒಬ್ಬರ ಸೀರಮ್ಮನ್ನು ಇತರರ ಕಣಗಳೊಂದಿಗೆ ಬೆರೆಸಿ ಫಲಿತಾಂಶಗಳನ್ನು ಕೋಷ್ಟಕದಲ್ಲಿ ಬರೆದರು. ಯಾರ ಸೀರಮ್ಮೂ ಅವರದೇ ಕಣಗಳನ್ನು ಅಂಟಿಸಲಿಲ್ಲ. ಉಳಿದ ಮಿಶ್ರಣಗಳಲ್ಲಿ ಸ್ಪಷ್ಟವಾದ ಕ್ರಮವೊಂದು ಕಂಡುಬಂದಿತು. 1901ರಲ್ಲಿ ಪ್ರಕಟವಾದ ಲೇಖನದಲ್ಲಿ ಅವರು ಎ, ಬಿ, ಸಿ ಎಂಬ ಮೂರು ಗುಂಪುಗಳನ್ನು ಗುರುತಿಸಿದರು. ಸಿ ಗುಂಪೇ ಮುಂದೆ ಓ ಎಂದು ಹೆಸರಾಯಿತು. ನಾಲ್ಕನೆಯ ಎಬಿ ಗುಂಪನ್ನು 1902ರಲ್ಲಿ ಡೆಕಾಸ್ಟೆಲ್ಲೋ ಮತ್ತು ಸ್ಟುರ್ಲಿ ಕಂಡುಹಿಡಿದರು.

ಕೆಂಪು ಕಣದ ಮೇಲ್ಮೈಯಲ್ಲಿರುವ ಗುರುತಿಗೆ ಪ್ರತಿಜನಕವೆಂದೂ, ಅದನ್ನು ಹಿಡಿಯುವ, ಸೀರಮ್ಮಿನಲ್ಲಿರುವ ವಸ್ತುವಿಗೆ ಪ್ರತಿಕಾಯವೆಂದೂ ಹೆಸರು. ತನ್ನಲ್ಲಿ ಇಲ್ಲದ ಎ ಅಥವಾ ಬಿ ಗುರುತಿನ ವಿರುದ್ಧದ ಪ್ರತಿಕಾಯವು ವ್ಯಕ್ತಿಯ ರಕ್ತದಲ್ಲಿ ಸಹಜವಾಗಿಯೇ ಇರುತ್ತದೆ ಎಂಬುದು ಆ ಕೋಷ್ಟಕದಿಂದ ಹೊರಟ ನಿಯಮ.

ಈ ಶೋಧನೆಗೆ ಕೂಡಲೇ ಮನ್ನಣೆ ದೊರೆಯಲಿಲ್ಲ. 1907ರಲ್ಲಿ ನ್ಯೂಯಾರ್ಕಿನ ರೂಬೆನ್ ಒಟ್ಟೆನ್‌ಬರ್ಗ್ ಅವರು ರಕ್ತ ನೀಡುವ ಮುನ್ನ ಹೊಂದಾಣಿಕೆ ಪರೀಕ್ಷೆಯನ್ನು ಕೈಗೊಂಡರು. 1908ರಲ್ಲಿ ಲ್ಯಾಂಡ್‌ಸ್ಟೈನರ್ ಅವರು ಎರ್ವಿನ್ ಪಾಪ್ಪರ್ ಅವರೊಂದಿಗೆ ಪೋಲಿಯೋ ರೋಗವನ್ನು ಮಂಗಗಳಿಗೆ ಹರಡಿಸಿ ತೋರಿಸಿದ್ದು ಬೇರೆಯೇ ಒಂದು ದೊಡ್ಡ ಸಾಧನೆ. ಮೊದಲ ಮಹಾಯುದ್ಧದ ನಂತರ ವಿಯೆನ್ನಾದಲ್ಲಿ ಆಹಾರಕ್ಕೂ ಉರುವಲಿಗೂ ಅಭಾವ ಉಂಟಾಯಿತು. 1916ರಲ್ಲಿ ವಿವಾಹವಾಗಿ ಒಬ್ಬ ಮಗನನ್ನು ಪಡೆದಿದ್ದ ಅವರು 1919ರಲ್ಲಿ ಕುಟುಂಬದೊಡನೆ ನೆದರ್‌ಲ್ಯಾಂಡ್ಸಿನ ಹೇಗ್ ನಗರಕ್ಕೆ ತೆರಳಿ, ಚಿಕ್ಕ ಆಸ್ಪತ್ರೆಯೊಂದರಲ್ಲಿ ದಿನನಿತ್ಯದ ರಕ್ತ, ಮೂತ್ರ ಪರೀಕ್ಷೆಗಳನ್ನು ಮಾಡುತ್ತಾ ಕಾಲ ಕಳೆದರು. ರಕ್ತ ಗುಂಪುಗಳ ಶೋಧಕರಿಗೆ ಐವತ್ತರ ವಯಸ್ಸಿನಲ್ಲಿ ಒದಗಿದ ಕೆಲಸ ಅದು. ನಂತರ ರಾಕ್‌ಫೆಲರ್ ಸಂಸ್ಥೆಯ ಆಹ್ವಾನದ ಮೇರೆಗೆ ನ್ಯೂಯಾರ್ಕಿಗೆ ಹೋದರು.

ಅಲ್ಲಿ 1927ರಲ್ಲಿ ಫಿಲಿಪ್ ಲೆವಿನ್ ಅವರೊಂದಿಗೆ ಎಂ, ಎನ್ ಮತ್ತು ಪಿ ಎಂಬ ಹೊಸ ಗುರುತುಗಳನ್ನು ಕಂಡುಹಿಡಿದರು. ಎಬಿಓ ಒಂದೇ ಅಲ್ಲ, ಕೆಂಪು ಕಣದ ಮೇಲೆ ಇನ್ನೂ ಅನೇಕ ಗುರುತುಗಳಿವೆ ಎಂಬುದು ಇದರಿಂದ ಸ್ಪಷ್ಟವಾಯಿತು. 1930ರಲ್ಲಿ ನೊಬೆಲ್ ಪಾರಿತೋಷಕ ಅವರಿಗೆ ಸಂದಿತು. 1939ರಲ್ಲಿ ಲೆವಿನ್ ಮತ್ತು ಸ್ಟೆಟ್ಸನ್ ಒಂದು ದಾರುಣ ಪ್ರಕರಣವನ್ನು ವರದಿ ಮಾಡಿದರು. ಮೃತ ಶಿಶುವನ್ನು ಹೆತ್ತ ತಾಯಿಗೆ ಅದೇ ಗುಂಪಿನ ಪತಿಯ ರಕ್ತವನ್ನು ನೀಡಿದಾಗ ತೀವ್ರ ಪ್ರತಿಕ್ರಿಯೆ ಉಂಟಾಗಿತ್ತು. ಗರ್ಭದಲ್ಲಿದ್ದ ಶಿಶುವಿನ ಕಣಗಳ ವಿರುದ್ಧ ಆಕೆಯಲ್ಲಿ ಪ್ರತಿಕಾಯ ಬೆಳೆದಿತ್ತು. ಮರುವರ್ಷ ಲ್ಯಾಂಡ್‌ಸ್ಟೈನರ್ ಮತ್ತು ಅಲೆಕ್ಸಾಂಡರ್ ವೀನರ್ ಅವರು ರೀಸಸ್ ಮಂಗದ ರಕ್ತವನ್ನು ಬಳಸಿ ನಡೆಸಿದ ಪ್ರಯೋಗಗಳಿಂದ ಆರ್‌ಎಚ್ ಎಂಬ ಹೆಸರು ಬಳಕೆಗೆ ಬಂದಿತು.

1943ರ ಜೂನ್ 24ರಂದು ಪ್ರಯೋಗಶಾಲೆಯಲ್ಲಿ ಕೆಲಸದಲ್ಲಿದ್ದಾಗಲೇ ಅವರಿಗೆ ಹೃದಯಾಘಾತವಾಯಿತು. ಎರಡು ದಿನಗಳ ನಂತರ ನಿಧನರಾದರು. ಅವರ ಜನ್ಮದಿನವಾದ ಜೂನ್ 14ನ್ನು 2004ರಿಂದ ವಿಶ್ವ ರಕ್ತದಾನಿಗಳ ದಿನವನ್ನಾಗಿ ಆಚರಿಸಲಾಗುತ್ತಿದೆ.

ಅವರ ಕಣ್ಣಿಗೆ ಕಾಣದೆ ಉಳಿದದ್ದೂ ಒಂದಿತ್ತು. ಕೆಲವು ಪ್ರತಿಕಾಯಗಳು ಕಣಕ್ಕೆ ಅಂಟಿಕೊಂಡರೂ ಕಣಗಳನ್ನು ಗುಂಪುಗೂಡಿಸುವುದಿಲ್ಲ. 1945ರಲ್ಲಿ ಇಂಗ್ಲೆಂಡಿನ ಕೂಂಬ್ಸ್, ಮೌರಂಟ್ ಮತ್ತು ರೇಸ್ ಅವರು ಇಂತಹವುಗಳನ್ನು ಪತ್ತೆಹಚ್ಚುವ ವಿಧಾನವನ್ನು ವಿವರಿಸಿದರು. ರಕ್ತನಿಧಿಗಳಲ್ಲಿ ಕೂಂಬ್ಸ್ ಪರೀಕ್ಷೆ ಎಂದು ಕರೆಯುವುದು ಇದನ್ನೇ. ರೋಗಿಯ ಪ್ಲಾಸ್ಮಾವನ್ನು ಮೊದಲು ಗುರುತುಗಳು ತಿಳಿದಿರುವ ಎರಡು ಮೂರು ಬಗೆಯ ಓ ಗುಂಪಿನ ಕಣಗಳೊಂದಿಗೆ ಪರೀಕ್ಷಿಸಲಾಗುತ್ತದೆ. ಪ್ರತಿಕ್ರಿಯೆ ಕಂಡುಬಂದಲ್ಲಿ ಸಾಮಾನ್ಯವಾಗಿ 11 ಬಗೆಯ ಕಣಗಳ ಸರಣಿಯನ್ನು ಬಳಸಿ, ಯಾವ ಕಣಗಳು ಅಂಟಿದವು, ಯಾವುವು ಅಂಟಲಿಲ್ಲ ಎಂಬುದನ್ನು ಕೋಷ್ಟಕದೊಂದಿಗೆ ತಾಳೆ ನೋಡಿ ಪ್ರತಿಕಾಯವನ್ನು ಗುರುತಿಸಲಾಗುತ್ತದೆ. ಬಳಿಕ ಆ ಗುರುತು ಇಲ್ಲದ ದಾನಿಯ ರಕ್ತವನ್ನು ಹುಡುಕಬೇಕು. ವಿಳಂಬಕ್ಕೆ ಇದೇ ಕಾರಣ. ಹಿಂದೆ ರಕ್ತ ಪಡೆದವರಲ್ಲಿ, ಗರ್ಭ ಧರಿಸಿದ ಮಹಿಳೆಯರಲ್ಲಿ ಹಾಗೂ ಪದೇಪದೇ ರಕ್ತ ಪಡೆಯುವ ಥಲಸ್ಸೀಮಿಯಾ ರೋಗಿಗಳಲ್ಲಿ ಇಂತಹ ಪ್ರತಿಕಾಯಗಳು ಬೆಳೆಯುವ ಸಂಭವ ಹೆಚ್ಚು. ಆದುದರಿಂದ ಹಿಂದಿನ ರಕ್ತಪೂರಣ, ಹೆರಿಗೆ, ಗರ್ಭಪಾತಗಳ ವಿವರವನ್ನು ಹಾಗೂ ಹಳೆಯ ಆಸ್ಪತ್ರೆ ಚೀಟಿಗಳನ್ನು ರಕ್ತನಿಧಿಗೆ ತಪ್ಪದೆ ನೀಡತಕ್ಕದ್ದು.

ಈ ಕೋಷ್ಟಕದ ವಿಧಾನವು ಕರ್ನಾಟಕದಲ್ಲಿಯೇ ಹೊಸ ಶೋಧವೊಂದಕ್ಕೆ ಕಾರಣವಾಗಿದೆ. 2024ರಲ್ಲಿ ಹೃದಯ ಶಸ್ತ್ರಚಿಕಿತ್ಸೆಗಾಗಿ ದಾಖಲಾಗಿದ್ದ ಕೋಲಾರ ಜಿಲ್ಲೆಯ ಮಹಿಳೆಯೊಬ್ಬರ ಗುಂಪು ಸಾಮಾನ್ಯವಾದ ಓ ಪಾಸಿಟಿವ್ ಆಗಿದ್ದರೂ ಯಾವ ದಾನಿಯ ರಕ್ತವೂ ಹೊಂದಲಿಲ್ಲ. ಬೆಂಗಳೂರಿನ ರೋಟರಿ ಟಿಟಿಕೆ ರಕ್ತ ಕೇಂದ್ರದಲ್ಲಿ ಪರೀಕ್ಷಿಸಿದಾಗ ಸರಣಿಯ ಎಲ್ಲಾ ಕಣಗಳೂ ಅಂಟಿಕೊಂಡವು. ಕುಟುಂಬದ ಸದಸ್ಯರ ರಕ್ತವೂ ಹೊಂದಲಿಲ್ಲ. ವೈದ್ಯರು ಎಚ್ಚರಿಕೆಯಿಂದ, ರಕ್ತ ನೀಡದೆಯೇ ಶಸ್ತ್ರಚಿಕಿತ್ಸೆಯನ್ನು ಪೂರೈಸಿದರು. ಮಾದರಿಗಳನ್ನು ಇಂಗ್ಲೆಂಡಿನ ಬ್ರಿಸ್ಟಲ್ ನಗರದ ಅಂತರರಾಷ್ಟ್ರೀಯ ಪ್ರಯೋಗಾಲಯಕ್ಕೆ ಕಳುಹಿಸಲಾಯಿತು. ಸುಮಾರು ಹತ್ತು ತಿಂಗಳ ಸಂಶೋಧನೆಯ ನಂತರ, ಇತರರೆಲ್ಲರಲ್ಲಿ ಇದ್ದು ಆ ಮಹಿಳೆಯಲ್ಲಿ ಇಲ್ಲದ ಗುರುತೊಂದು ಪತ್ತೆಯಾಯಿತು. ಕ್ರೋಮರ್ ಎಂಬ ರಕ್ತ ಗುಂಪು ವ್ಯವಸ್ಥೆಗೆ ಸೇರಿದ ಈ ಗುರುತಿಗೆ ಭಾರತ ಹಾಗೂ ಬೆಂಗಳೂರಿನ ಹೆಸರುಗಳನ್ನು ಸೇರಿಸಿ ಕ್ರಿಬ್ ಎಂದು ಹೆಸರಿಸಿ, 2025ರ ಜೂನ್‌ನಲ್ಲಿ ಇಟಲಿಯ ಮಿಲಾನ್ ನಗರದಲ್ಲಿ ನಡೆದ ಸಮ್ಮೇಳನದಲ್ಲಿ ಪ್ರಕಟಿಸಲಾಯಿತು.