ತಮ್ಮ ಗಿರಣಿ ಮಾಲೀಕ, ಅಕ್ಕ ಮುಷ್ಕರದ ಮುಂದಾಳು

ಯಾವ ಊರಿನ ಕಾರ್ಮಿಕ ಸಂಘದ ವಾರ್ಷಿಕೋತ್ಸವಕ್ಕಾದರೂ ಹೋಗಿ ನೋಡಿ. ವೇದಿಕೆ ಮೇಲೆ ಸಾಲಾಗಿ ಕುರ್ಚಿ, ಕುರ್ಚಿ ತುಂಬ ಗಂಡಸರು. ಹೆಂಗಸರ ಪಾಲಿಗೆ ಪ್ರಾರ್ಥನೆ ಹಾಡೋದು, ಹಾರದ ತಟ್ಟೆ ಹಿಡಿದು ನಿಲ್ಲೋದು. ಬೀಡಿ ಕಟ್ಟುವವರು ಹೆಂಗಸರು, ಗಾರ್ಮೆಂಟ್ಸ್‌ನಲ್ಲಿ ಹೊಲಿಯುವವರು ಹೆಂಗಸರು, ಅಂಗನವಾಡಿಯಲ್ಲಿ ದುಡಿಯುವವರಂತೂ ಹೆಂಗಸರೇ. ಆದರೂ ಮೈಕು ಕೈ ಬದಲಾಗುವುದು ಅಪರೂಪ. ಹೆಂಗಸು ಯೂನಿಯನ್ ನಡೆಸಿಯಾಳೇ ಅಂತ ಮೂಗೆಳೆಯುವವರಿಗೆ ಇವತ್ತಿಗೂ ಬರವಿಲ್ಲ. ಅಂಥವರು ನೂರು ವರ್ಷ ಹಿಂದಿನ ಅಹಮದಾಬಾದಿಗೆ ಒಂದು ಸುತ್ತು ಹೋಗಿ ಬರಬೇಕು.

ಅಲ್ಲಿನ ಬಟ್ಟೆ ಗಿರಣಿ ಕಾರ್ಮಿಕರು 1920ರಲ್ಲಿ ಕಟ್ಟಿಕೊಂಡ ಸಂಘದ ಹೆಸರು ಮಜೂರ್ ಮಹಾಜನ್. ಅದರ ಮೊದಲ ಅಧ್ಯಕ್ಷರ ಕುರ್ಚಿಯಲ್ಲಿ ಕೂತದ್ದು ಒಬ್ಬ ಹೆಂಗಸು, ಅನಸೂಯಾ ಸಾರಾಭಾಯಿ. ಇದಕ್ಕಿಂತ ಸ್ವಾರಸ್ಯದ ಸಂಗತಿ ಏನಪ್ಪಾ ಅಂದ್ರೆ, ಆಕೆ ಗಿರಣಿ ಕೂಲಿಯವಳಲ್ಲ, ಗಿರಣಿ ಮಾಲೀಕರ ಮನೆ ಮಗಳು. ಕೂಲಿಕಾರರ ಪರ ನಿಂತು ಆಕೆ ಎದುರು ಹಾಕಿಕೊಂಡದ್ದು ಬೇರೆ ಯಾರನ್ನೂ ಅಲ್ಲ, ಒಡಹುಟ್ಟಿದ ತಮ್ಮನನ್ನು.

ಸಾರಾಭಾಯಿ ಅಂದ ಕೂಡಲೇ ನಮ್ಮ ಜನಕ್ಕೆ ನೆನಪಾಗೋದು ರಾಕೆಟ್ಟಿನ ವಿಕ್ರಂ ಸಾರಾಭಾಯಿ. ಬೆಂಗಳೂರಿನಲ್ಲಿ ಸಿ.ವಿ. ರಾಮನ್ ಅವರ ಕೈಕೆಳಗೆ ಸಂಶೋಧನೆ ಮಾಡಿದವರು. ಅನಸೂಯಾ ಆ ವಿಕ್ರಂ ಅವರಿಗೆ ಸೋದರತ್ತೆ. ರಾಕೆಟ್ಟಿನ ಕಥೆ ಶಾಲೆ ಮಕ್ಕಳಿಗೂ ಗೊತ್ತು. ಸೋದರತ್ತೆಯ ಕಥೆ ಮಾತ್ರ ನಮ್ಮ ಕಡೆ ಬಲ್ಲವರು ಕಮ್ಮಿ.

ಬಂಗಲೆಯ ಹುಡುಗಿ

ಅನಸೂಯಾ ಹುಟ್ಟಿದ್ದು 1885ರ ನವೆಂಬರ್ 11ರಂದು, ಅಹಮದಾಬಾದಿನ ಶ್ರೀಮಂತ ಜೈನ ಮನೆತನದಲ್ಲಿ. ದುಡ್ಡಿಗೆ ಕೊರತೆ ಇರಲಿಲ್ಲ, ಕೊರತೆ ಇದ್ದದ್ದು ಅಪ್ಪ ಅಮ್ಮನಿಗೆ. ಒಂಬತ್ತನೇ ವಯಸ್ಸಿಗೆ ಇಬ್ಬರನ್ನೂ ಕಳಕೊಂಡಳು. ತಮ್ಮ ಅಂಬಾಲಾಲ್, ತಂಗಿ ಕಾಂತಾ, ಈಕೆ, ಮೂವರೂ ಚಿಕ್ಕಪ್ಪನ ಮನೆ ಸೇರಿದರು. ಆ ಕಾಲದ ಪದ್ಧತಿಯಂತೆ ಹದಿಮೂರಕ್ಕೇ ಮದುವೆ ಮಾಡಿದರು. ಆ ಸಂಸಾರ ನಿಲ್ಲಲಿಲ್ಲ. ಹುಡುಗಿ ತವರಿಗೆ ವಾಪಸು ಬಂದಳು.

ದೊಡ್ಡ ಮನೆಯಲ್ಲಿ ಗಂಡನನ್ನು ಬಿಟ್ಟು ಬಂದ ಹೆಣ್ಣಿನ ಪಾಡು ಆಗ ಏನಿತ್ತು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಮೂಲೆಯೊಂದರಲ್ಲಿ ಜಪಮಣಿ ಹಿಡಿದು ಕೂರೋದೇ ದಾರಿ. ಅನಸೂಯಾ ಹಾಗೆ ಕೂರದಿದ್ದುದಕ್ಕೆ ಕಾರಣ ಆ ತಮ್ಮ ಅಂಬಾಲಾಲ್. ಅಕ್ಕ ಓದಲಿ ಅಂತ ಬೆನ್ನಿಗೆ ನಿಂತ. 1912ರಲ್ಲಿ ಆಕೆ ಇಂಗ್ಲೆಂಡಿನ ಹಡಗು ಹತ್ತಿದರು. ಡಾಕ್ಟರಾಗುವ ಆಸೆ ಇತ್ತು. ಆದರೆ ಪ್ರಾಣಿಗಳನ್ನು ಕೊಯ್ದು ಕಲಿಯಬೇಕು ಅಂದಾಗ ಜೈನರ ಮನೆಯಲ್ಲಿ ಬೆಳೆದ ಮನಸ್ಸು ಒಪ್ಪಲಿಲ್ಲ. ವೈದ್ಯ ಓದು ಬಿಟ್ಟು ಲಂಡನ್ನಿನ ಅರ್ಥಶಾಸ್ತ್ರದ ಕಾಲೇಜು ಸೇರಿದರು. ಅಲ್ಲಿ ಸಮಾಜವಾದಿಗಳ ಮಾತು ಕಿವಿಗೆ ಬಿತ್ತು. ಹೆಂಗಸರಿಗೂ ಓಟು ಬೇಕು ಅಂತ ಬೀದಿಗಿಳಿದ ಇಂಗ್ಲಿಷ್ ಹೆಂಗಸರನ್ನು ಕಣ್ಣಾರೆ ಕಂಡರು. 1913ರಲ್ಲಿ ಊರಿಗೆ ವಾಪಸಾದರು.

ಬಂದವರು ಮೊದಲು ಮಾಡಿದ್ದು ದೊಡ್ಡ ಮನೆಯ ಹೆಂಗಸರು ಮಾಡುವಂಥ ಸಮಾಜಸೇವೆಯೇ. ಎಲ್ಲ ಜಾತಿಯ ಬಡ ಮಕ್ಕಳಿಗೂ ಒಂದು ಶಾಲೆ, ದುಡಿಯುವ ತಾಯಂದಿರ ಕೂಸುಗಳಿಗೆ ಶಿಶುವಿಹಾರ, ಹೆರಿಗೆ ಮನೆ. ಹೆಂಗಸರಿಗೆ ಕಕ್ಕಸು ಕಟ್ಟಿಸಿದರು, ಅದನ್ನು ಸಣ್ಣ ಕೆಲಸ ಅಂತ ಯಾರೂ ತಿಳೀಬೇಡಿ. ಆದರೂ ಇದೆಲ್ಲ ಕೊಡುವ ಕೈಯ ಕೆಲಸ. ಕೊಡುವ ಕೈ ಯಾವತ್ತೂ ಮೇಲೇ ಇರುತ್ತದೆ.

ಒಂದು ಬೆಳಿಗ್ಗೆ ಅಂಗಳದಲ್ಲಿ ಮಕ್ಕಳಿಗೆ ತಲೆ ಬಾಚುತ್ತಾ ಕೂತಿದ್ದಾಗ ಗಿರಣಿ ಆಳುಗಳ ಒಂದು ಗುಂಪು ನಿದ್ದೆಗಣ್ಣಲ್ಲಿ ನಡೆದ ಹಾಗೆ ಹೋಗ್ತಾ ಇತ್ತು. ಕರೆದು ಕೇಳಿದರು. ಒಂದೇ ಸಮ 36 ಗಂಟೆ ದುಡಿದು ಬರ್ತಾ ಇದ್ದೇವೆ ಅಂದರು. ಎರಡು ರಾತ್ರಿ, ನಡುವೆ ಒಂದು ಹಗಲು. ಕಕ್ಕಸು, ಶಾಲೆ ಕಟ್ಟಿಸಿದರೆ ಮುಗಿಯುವ ರೋಗ ಇದಲ್ಲ ಅಂತ ಆಕೆಗೆ ಖಾತ್ರಿಯಾದದ್ದು ಆವತ್ತು. ದಾವಣಗೆರೆ, ಹುಬ್ಬಳ್ಳಿಗಳಲ್ಲಿ ಗಿರಣಿ ಸೈರನ್ ಕೇಳಿ ಬೆಳೆದ ಹಿರಿಯರಿಗೆ ಪಾಳಿ ಮುಗಿಸಿ ಬಂದ ಮುಖ ಹೇಗಿರುತ್ತದೆ ಅಂತ ಗೊತ್ತು. 36 ಗಂಟೆ ಅಂದರೆ ಅಂಥ ಮೂರು, ನಾಲ್ಕು ಪಾಳಿ.

ಪ್ಲೇಗು ತಂದ ಜಗಳ

1917ರಲ್ಲಿ ಅಹಮದಾಬಾದಿಗೆ ಪ್ಲೇಗು ಬಡೀತು. ಜನ ಗಂಟುಮೂಟೆ ಕಟ್ಟಿ ಹಳ್ಳಿ ದಾರಿ ಹಿಡಿದರು. ಯುದ್ಧದ ಕಾಲ, ಬಟ್ಟೆಗೆ ಒಳ್ಳೆ ರೇಟು, ಆಳು ಓಡಿಹೋದರೆ ಮಗ್ಗ ನಡೆಸುವವರು ಯಾರು? ಮಾಲೀಕರು ನೇಯ್ಗೆಯವರಿಗೆ ಪ್ಲೇಗು ಬೋನಸ್ ಅಂತ ಸಂಬಳದ ಮೇಲೆ ಶೇಕಡ 70, 80ರವರೆಗೂ ಕೊಟ್ಟು ಹಿಡಿದಿಟ್ಟುಕೊಂಡರು. ಹಾಸು ನೂಲಿನ ವಿಭಾಗದವರಿಗೆ ಈ ಬೋನಸ್ ಇರಲಿಲ್ಲ. ಅವರು ಡಿಸೆಂಬರಿನಲ್ಲಿ ಕೆಲಸ ನಿಲ್ಲಿಸಿದಾಗ ಮುಂದೆ ನಿಂತವರು ಅನಸೂಯಾ. ಪ್ಲೇಗು ಇಳೀತು, ಬೋನಸ್ಸಿಗೂ ಕತ್ತರಿ ಬಿತ್ತು. ಆದರೆ ದಿನಸಿ ರೇಟು ಇಳಿಯಲಿಲ್ಲ. ನೇಯ್ಗೆಯವರು ಶೇಕಡ 50 ಭತ್ಯೆ ಕೇಳಿದರು. ಮಾಲೀಕರು 20ರ ಮೇಲೆ ಒಂದು ಕಾಸೂ ಇಲ್ಲ ಅಂದರು. ಮಾಲೀಕರ ಮುಂದಾಳು ಯಾರು? ಅಂಬಾಲಾಲ್ ಸಾರಾಭಾಯಿ.

ಇಲ್ಲಿಗೆ ಗಾಂಧೀಜಿ ಬಂದರು. ಅವರಿಗೆ ಈ ಮನೆ ಹೊಸದಲ್ಲ. 1915ರಲ್ಲಿ ಆಶ್ರಮಕ್ಕೆ ಹರಿಜನ ಕುಟುಂಬವೊಂದನ್ನು ಸೇರಿಸಿಕೊಂಡಾಗ ಊರವರು ಚಂದಾ ನಿಲ್ಲಿಸಿದ್ದರು. ಆಗ ಸದ್ದಿಲ್ಲದೆ 13,000 ರೂಪಾಯಿ ಕೈಗಿಟ್ಟು ಹೋದವರು ಇದೇ ಅಂಬಾಲಾಲ್. ಈಗ ಉಪಕಾರ ಮಾಡಿದವನ ಎದುರು ನಿಲ್ಲಬೇಕು. ಗಾಂಧೀಜಿ ಲೆಕ್ಕ ಹಾಕಿ 50 ಜಾಸ್ತಿಯಾಯ್ತು, 35 ನ್ಯಾಯ ಅಂತ ಕೂಲಿಕಾರರನ್ನು ಒಪ್ಪಿಸಿದರು. 1918ರ ಫೆಬ್ರವರಿ 22ರಂದು ಮಾಲೀಕರು ಗಿರಣಿಗೆ ಬೀಗ ಜಡಿದರು.

ದಿನಾ ಸಾಬರಮತಿ ದಂಡೆಯಲ್ಲಿ, ಒಂದು ಜಾಲಿ ಮರದ ಕೆಳಗೆ ಸಭೆ. ಸಾವಿರಗಟ್ಟಲೆ ಜನ. 35 ಸಿಗುವ ತನಕ ಕೆಲಸಕ್ಕೆ ಹೋಗುವುದಿಲ್ಲ, ಗಲಾಟೆಯನ್ನೂ ಮಾಡುವುದಿಲ್ಲ ಅಂತ ಆಣೆ. ದಿನಕ್ಕೊಂದು ಕರಪತ್ರ. ಬರೆದದ್ದು ಗಾಂಧಿ, ಹೊರಟದ್ದು ಅನಸೂಯಾ ಹೆಸರಲ್ಲಿ. ಕೂಲಿ ಕೇರಿಗಳಲ್ಲಿ ಮನೆ ಮನೆ ತಿರುಗಿ ಒಲೆ ಹೊತ್ತಿದೆಯೋ ಇಲ್ಲವೋ ಅಂತ ನೋಡಿ ಬರುತ್ತಿದ್ದವರು ಅನಸೂಯಾ ಮತ್ತು ಶಂಕರಲಾಲ್ ಬ್ಯಾಂಕರ್. ಚರಿತ್ರೆಯ ಪುಸ್ತಕದಲ್ಲಿ ಇದು ಗಾಂಧಿಯ ಮುಷ್ಕರ. ಕೇರಿಯ ಲೆಕ್ಕದಲ್ಲಿ ಇದು ಮೋಟಾಬೆನ್ ಮುಷ್ಕರ. ಮೋಟಾಬೆನ್ ಅಂದರೆ ನಮ್ಮಲ್ಲಿ ದೊಡ್ಡಕ್ಕ ಅಂದ ಹಾಗೆ.

ಇದರ ನಡುವೆ ಇನ್ನೊಂದು ವಿಚಿತ್ರ. ಬೀಗ ಜಡಿದ ತಮ್ಮ ಆಶ್ರಮಕ್ಕೆ ಊಟಕ್ಕೆ ಬರುತ್ತಿದ್ದರು. ಬಡಿಸುತ್ತಿದ್ದವರು ಮುಷ್ಕರ ಹೂಡಿದ ಅಕ್ಕ. ಈಗಿನ ಕಾಲದ ಜಗಳಗಳಲ್ಲಿ ಎದುರು ಪಕ್ಷದವನ ಮದುವೆಗೂ ಹೋಗದವರು ಇದನ್ನು ನಂಬಲಿಕ್ಕಿಲ್ಲ.

ಕಾರು ಮತ್ತು ಬುಟ್ಟಿ

ಎರಡು ವಾರ ಕಳೀತು. ಮನೆಯಲ್ಲಿದ್ದ ಕಾಳು ಮುಗೀತು. ದಾನದ ದುಡ್ಡಿನಲ್ಲಿ ಮುಷ್ಕರ ನಡೆಸಬಾರದು ಅನ್ನೋದು ಗಾಂಧಿಯ ಹಟ. ದುಡಿದೇ ಉಣ್ಣಬೇಕು. ಆಶ್ರಮದಲ್ಲಿ ನೇಯ್ಗೆ ಶಾಲೆಯ ಪಾಯಕ್ಕೆ ಮರಳು ತುಂಬಬೇಕಿತ್ತು. ಸರಿ, ಆ ಕೆಲಸ ಮಾಡೋಣ ಅಂತಾಯ್ತು. ಗಿರಣಿ ಆಳಿಗೆ ಮಣ್ಣು ಹೊರುವುದು ಅಂದರೆ ಸ್ವಲ್ಪ ಅವಮಾನವೇ. ಮೊದಲ ಬುಟ್ಟಿ ತಲೆ ಮೇಲಿಟ್ಟುಕೊಂಡು ಹೊಳೆ ತಗ್ಗಿನಿಂದ ಹತ್ತಿ ಬಂದವರು ಅನಸೂಯಾ. ಹಿಂದೆ ಸಾಲು ಹಚ್ಚಿ ಕೂಲಿಕಾರರು ಬಂದರು. ಬಂಗಲೆಯ ಹೆಂಗಸಿನ ತಲೆ ಮೇಲೆ ಮರಳಿನ ಬುಟ್ಟಿ ಕಂಡ ಊರು ಏನಂದುಕೊಂಡಿತೋ.

ಅಷ್ಟಾದರೂ ಹಸಿವು ಹಸಿವೇ. ಮಾರ್ಚ್ 12ಕ್ಕೆ ಮಾಲೀಕರು ಬೀಗ ತೆಗೆದು 20ಕ್ಕೆ ಒಪ್ಪುವವರು ಒಳಗೆ ಬರಬಹುದು ಅಂದರು. ಒಬ್ಬೊಬ್ಬರೇ ಜಾರತೊಡಗಿದರು. ಸಭೆಗೆ ಕರೆಯಲು ಜುಗಲ್‌ದಾಸ್ ಚಾಳಿಗೆ ಹೋದ ಕಾರ್ಯಕರ್ತರಿಗೆ ಅಲ್ಲಿ ಮುಖಕ್ಕೆ ಹೊಡೆದ ಹಾಗೆ ಮಾತು ಬಂತು. ಗಾಂಧಿಗೂ ಅನಸೂಯಾಬೆನ್‌ಗೂ ಏನಾಗಬೇಕು, ಅವರು ಕಾರಿನಲ್ಲಿ ಬರ್ತಾರೆ, ಕಾರಿನಲ್ಲಿ ಹೋಗ್ತಾರೆ, ಹೊಟ್ಟೆ ತುಂಬ ಉಣ್ತಾರೆ, ಸಾಯ್ತಾ ಇರೋರು ನಾವು ಅಂದುಬಿಟ್ಟರು.

ಈ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಕಾರೂ ನಿಜ, ಊಟವೂ ನಿಜ. ಪರರ ಕಷ್ಟಕ್ಕೆ ಮುಂದಾಳಾದವರನ್ನೆಲ್ಲ ಒಂದಲ್ಲ ಒಂದು ದಿನ ಈ ಪ್ರಶ್ನೆ ಹಿಡಿದು ನಿಲ್ಲಿಸುತ್ತದೆ. ಬಂಗಲೆಯಲ್ಲಿ ಹುಟ್ಟಿದವಳನ್ನು ಇನ್ನೂ ಗಟ್ಟಿಯಾಗಿ ನಿಲ್ಲಿಸಿತು. ಮಾರ್ಚ್ 15ರಂದು ಜಾಲಿ ಮರದ ಕೆಳಗೆ, ಜನ ಗಟ್ಟಿ ನಿಂತು ಒಪ್ಪಂದ ಆಗುವ ತನಕ ಊಟ ಮುಟ್ಟುವುದಿಲ್ಲ ಅಂತ ಗಾಂಧಿ ಸಾರಿದರು. ಅನಸೂಯಾ ಕೆನ್ನೆ ಮೇಲೆ ಕಣ್ಣೀರು ಇಳೀತಾ ಇತ್ತು. ಮೂರು ದಿನಕ್ಕೆ ರಾಜಿಯಾಯ್ತು. ಮಾಲೀಕರು ಸ್ನೇಹಿತರಾದ್ದರಿಂದ ತನ್ನ ಉಪವಾಸ ಅವರ ಮೇಲೆ ಒತ್ತಡವಾಯ್ತು, ಅದು ಕಳಂಕ ಅಂತ ಗಾಂಧೀಜಿ ಮುಂದೆ ತಾವೇ ಒಪ್ಪಿಕೊಂಡರು.

ರಾಜಿ ಸೂತ್ರ ನಮ್ಮ ಅಂಗಡಿ ಬೀದಿಯವರಿಗೆ ಹಿಡಿಸುವಂಥದ್ದು. ಮೊದಲ ದಿನ 35, ಕೂಲಿಕಾರರ ಆಣೆ ಉಳೀಲಿ ಅಂತ. ಎರಡನೇ ದಿನ 20, ಮಾಲೀಕರ ಮಾತು ಉಳೀಲಿ ಅಂತ. ಮೂರನೇ ದಿನದಿಂದ ನಡುವಿನ 27.5, ಪಂಚರು ತೀರ್ಪು ಕೊಡುವ ತನಕ. ಪಂಚರಾಗಿ ಕೂತ ಪ್ರೊಫೆಸರ್ ಆನಂದಶಂಕರ ಧ್ರುವ ಆಮೇಲೆ 35 ಅಂತಲೇ ತೀರ್ಪಿತ್ತರು. ಸಿಹಿ ಹಂಚಲು ಮರದ ಕೆಳಗೆ ಸೇರಿದಾಗ ಊರಿನ ಭಿಕ್ಷುಕರೆಲ್ಲ ಮುತ್ತಿ ಗದ್ದಲವೋ ಗದ್ದಲ. ಕೊನೆಗೆ ಮಾರನೇ ದಿನ ಸಿಹಿ ಹಂಚಿದ್ದು ಎಲ್ಲಿ ಗೊತ್ತೇ? ಮಿರ್ಜಾಪುರದಲ್ಲಿದ್ದ ಅಂಬಾಲಾಲರ ಬಂಗಲೆ ಅಂಗಳದಲ್ಲಿ.

ಮುಂದಿನ ವರ್ಷ, 1919ರ ಏಪ್ರಿಲಿನಲ್ಲಿ, ಗಾಂಧೀಜಿ ಬಂಧನದ ಸುದ್ದಿಯ ಜೊತೆಗೆ ಅನಸೂಯಾರನ್ನೂ ಹಿಡಿದರಂತೆ ಅನ್ನೋ ಗಾಳಿಮಾತು ಹಬ್ಬಿತು. ಗಿರಣಿ ಜನ ರೊಚ್ಚಿಗೆದ್ದು ಬೀದಿಗಿಳಿದು ಊರು ಹತ್ತಿ ಉರೀತು. ಹಿಂಸೆ ಬೇಡ ಅಂತ ವರ್ಷವಿಡೀ ಹೇಳಿದ್ದ ಆಕೆಗೆ ಅದು ದೊಡ್ಡ ಸಂಕಟ. ಆದರೆ ಕಾರಿನಲ್ಲಿ ಬಂದು ಹೋಗುವವಳು ಅಂತ ಅಂದಿದ್ದ ಜನ ವರ್ಷದೊಳಗೆ ಆಕೆಯನ್ನು ಎಷ್ಟು ತಮ್ಮವಳು ಅಂದುಕೊಂಡಿದ್ದರು ಅನ್ನೋದಕ್ಕೆ ಬೇರೆ ಸಾಕ್ಷಿ ಬೇಡ.

ಅಧ್ಯಕ್ಷೆ ಹೆಂಗಸು, ಸಂಘ ಗಂಡಸರದು

ಮಜೂರ್ ಮಹಾಜನ್ ಬೆಳೀತು. ಪಂಚಾಯಿತಿ ಮೂಲಕ ತಕರಾರು ತೀರಿಸುವುದು ಅದರ ದಾರಿ. ಎಲ್ಲಾ ಸಲವೂ ಗೆದ್ದರು ಅಂತೇನಿಲ್ಲ. 1923ರಲ್ಲಿ ಮಾಲೀಕರು ಕೂಲಿ ಕಡಿದಾಗ ಎರಡು ತಿಂಗಳು ಮುಷ್ಕರ ಹೂಡಿ ಸೋತು ವಾಪಸು ಹೋದರು. ಸಂಘ ಮುರೀಲಿಲ್ಲ. ಶಾಲೆ, ದವಾಖಾನೆ ನಡೆಸಿತು, ಅನಸೂಯಾ ಅಧ್ಯಕ್ಷರಾಗಿ ಉಳಿದರು.

ಆದರೆ ಒಂದು ಮಾತು ಹೇಳಲೇಬೇಕು. ಮೇಲಿನ ಕುರ್ಚಿಯಲ್ಲಿ ಹೆಂಗಸು ಕೂತ ಮಾತ್ರಕ್ಕೆ ಕೆಳಗಿನ ಬೆಂಚಿನಲ್ಲಿ ಹೆಂಗಸರು ತುಂಬಲಿಲ್ಲ. ನೂಲು ಸುತ್ತುವ ವಿಭಾಗಗಳಲ್ಲಿ ದುಡೀತಿದ್ದ ಹೆಂಗಸರು ಹೊಸ ಯಂತ್ರ ಬಂದ ಹಾಗೆ ಗಿರಣಿಯಿಂದ ಹೊರಬೀಳುತ್ತಾ ಹೋದರು. 1954ರಲ್ಲಿ ಸಂಘ ಮಹಿಳಾ ವಿಭಾಗ ತೆರೆಯಿತು. ಅಲ್ಲಿ ಕಲಿಸಿದ್ದು ಹೊಲಿಗೆ, ಕಸೂತಿ, ನೂಲುವುದು. ಕಲಿತವರು ಗಿರಣಿ ಕಾರ್ಮಿಕರ ಹೆಂಡತಿಯರು, ಹೆಣ್ಣುಮಕ್ಕಳು. ಅಂದರೆ ಹೆಂಗಸೇ ಕಟ್ಟಿದ ಸಂಘದಲ್ಲಿ ಹೆಂಗಸು ಕಾರ್ಮಿಕಳಾಗಿ ಅಲ್ಲ, ಕಾರ್ಮಿಕನ ಮನೆಯವಳಾಗಿ ಒಳಗೆ ಬಂದಳು.

1955ರಲ್ಲಿ ಸಂಘದ ಕಾನೂನು ವಿಭಾಗಕ್ಕೆ ಇಳಾ ಭಟ್ ಎಂಬ ತರುಣಿ ವಕೀಲೆ ಸೇರಿದರು. ಅನಸೂಯಾರನ್ನು ಗುರುವೆಂದೇ ತಿಳಿದವರು. 1968ರಲ್ಲಿ ಮಹಿಳಾ ವಿಭಾಗ ಇವರ ಕೈಗೆ ಬಂತು. 1971ರಲ್ಲಿ ಬಟ್ಟೆ ಮಾರ್ಕೆಟ್ಟಿನಲ್ಲಿ ತಲೆ ಹೊರೆ ಹೊರುವ ಹೆಂಗಸರು ಬಂದು ಕೂತರು. ಸಗಟು ಅಂಗಡಿಯಿಂದ ಚಿಲ್ಲರೆ ಅಂಗಡಿಗೆ ಥಾನುಗಳನ್ನು ಹೊತ್ತರೆ ಕೂಲಿ ಲೆಕ್ಕ ಸರಿಯಾಗಿ ಸಿಗೋಲ್ಲ ಅನ್ನೋದು ಅವರ ದೂರು. ಪತ್ರಿಕೆಯಲ್ಲಿ ಬಂತು. ವ್ಯಾಪಾರಿಗಳು ನಾವು ನ್ಯಾಯವಾಗೇ ಇಷ್ಟಿಷ್ಟು ಕೊಡ್ತೇವೆ ಅಂತ ಪತ್ರಿಕೆಗೆ ಬರೆದರು. ಇಳಾ ಭಟ್ ಆ ರೇಟನ್ನೇ ಚೀಟಿಯಲ್ಲಿ ಅಚ್ಚು ಹಾಕಿಸಿ ಹೆಂಗಸರ ಕೈಗೆ ಕೊಟ್ಟರು. ಇನ್ನು ಇಲ್ಲ ಅನ್ನೋಕೆ ವ್ಯಾಪಾರಿಗಳಿಗೆ ಬಾಯಿಲ್ಲ.

ಅದೇ ಡಿಸೆಂಬರಿನಲ್ಲಿ ಇಂಥ ಹೆಂಗಸರು ಪಾರ್ಕೊಂದರಲ್ಲಿ ಸೇರಿ ತಮ್ಮದೇ ಸಂಘ ಬೇಕು ಅಂದರು. ರಿಜಿಸ್ಟರ್ ಮಾಡಲು ಸರ್ಕಾರಿ ಕಚೇರಿ ತಕರಾರು ತೆಗೀತು. ನಿಮಗೆ ಮಾಲೀಕನೇ ಇಲ್ಲವಲ್ಲ, ಯಾರ ವಿರುದ್ಧ ಯೂನಿಯನ್ ಅಂತ. ವಾದ ಮಾಡೀ ಮಾಡೀ 1972ರ ಏಪ್ರಿಲಿನಲ್ಲಿ ನೋಂದಣಿಯಾಯ್ತು. ಅದೇ ಸೇವಾ ಸಂಘ. ಮಜೂರ್ ಮಹಾಜನ್ನಿನ ಆಶ್ರಯದಲ್ಲೇ ಹುಟ್ಟಿತು.

ಅನಸೂಯಾಗೆ ಆಗ 86. ಹಿಂದಿನ ಡಿಸೆಂಬರಿನಲ್ಲಷ್ಟೇ ಸೋದರಳಿಯ ವಿಕ್ರಂ ತೀರಿಕೊಂಡಿದ್ದರು. 1972ರ ನವೆಂಬರ್ 1ರಂದು, ನಮ್ಮಲ್ಲಿ ರಾಜ್ಯೋತ್ಸವದ ದಿನ, ಆಕೆಯೂ ಕಣ್ಣು ಮುಚ್ಚಿದರು. ಹುಟ್ಟುಹಬ್ಬಕ್ಕೆ ಹತ್ತು ದಿನ ಬಾಕಿ ಇತ್ತು.

1981ರಲ್ಲಿ, ಮೀಸಲಾತಿ ಗಲಭೆಯ ಬಿಸಿಯಲ್ಲಿ, ಮಜೂರ್ ಮಹಾಜನ್ ಸೇವಾದ ಹೆಂಗಸರನ್ನು ಹೊರಹಾಕಿತು. ಆದರೆ ಅವರು ಆ ಹೊತ್ತಿಗೆ ಬೀದಿಗೆ ಬೀಳುವ ಸ್ಥಿತಿಯಲ್ಲಿರಲಿಲ್ಲ. 1974ರಲ್ಲೇ ಸುಮಾರು 4,000 ಹೆಂಗಸರು ತಲಾ 10 ರೂಪಾಯಿ ಷೇರು ಹಾಕಿ ತಮ್ಮದೇ ಬ್ಯಾಂಕು ತೆರೆದಿದ್ದರು. ರುಜು ಹಾಕಲು ಬಾರದವರಿಗೆ ಪಾಸ್‌ಬುಕ್ಕಿನಲ್ಲಿ ಫೋಟೋ ಅಂಟಿಸಿ ಕೊಟ್ಟರು.